ಅಕ್ಕನಿಗೆ ಸಾಗವಾನಿ, ನನಗೆ ದೇವದಾರು

ನಮ್ಮಪ್ಪ ಆಳಂದದಲ್ಲಿ ಬಡಗಿ. ನಾವು ಇಬ್ಬರೇ ಹೆಣ್ಣುಮಕ್ಕಳು. ಅಕ್ಕನನ್ನು ಅಫಜಲಪುರದ ಕಡೆಯ ಅತನೂರಿಗೆ ಕೊಟ್ಟಿದ್ದರು. ಅವಳ ಗಂಡನ ಮನೆಯವರು ಹೊಸ ಮನೆ ಕಟ್ಟಿಸುವಾಗ ನನಗಿನ್ನೂ ಮದುವೆಯಾಗಿರಲಿಲ್ಲ. ಹೆಬ್ಬಾಗಿಲನ್ನು ತಾನೇ ಮಾಡಿಕೊಡುತ್ತೇನೆಂದು ಅಪ್ಪ ಒಪ್ಪಿಕೊಂಡ. ಸಾಗವಾನಿ ದಿಮ್ಮಿ ತರಿಸಿ, ಅಂಗಳದಲ್ಲೇ ಕೊಯ್ಯಿಸಿ, ಚೌಕಟ್ಟಿನ ತುಂಬ ಬಳ್ಳಿ, ಗಿಳಿಗಳನ್ನು ಕೆತ್ತಿದ. ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಕೆತ್ತನೆಗೆ ಎಣ್ಣೆ ಒರೆಸುವ ಕೆಲಸ ನನಗೆ ಬಂತು. ಒರೆಸುತ್ತ ಒರೆಸುತ್ತ, ನನ್ನ ಬಾಗಿಲಿಗೆ ಗಿಳಿ ಬೇಡ, ನವಿಲೇ ಕೆತ್ತಿಸಿಕೊಳ್ಳಬೇಕು ಅಂದುಕೊಂಡಿದ್ದೆ.

ಮುಂದೆ ನನ್ನನ್ನು ಜೇವರ್ಗಿ ಸೀಮೆಯ ಅಂದೋಲಾಕ್ಕೆ ಕೊಟ್ಟರು. ಒಂದು ಮಳೆಗಾಲ ನಮ್ಮ ಮನೆಯ ಮುಂದಿನ ಗೋಡೆ ಬಿದ್ದು, ಬಾಗಿಲು, ಅಟ್ಟ ಎರಡನ್ನೂ ಹೊಸದಾಗಿ ಮಾಡಿಸಬೇಕಾಯಿತು. ಅಷ್ಟರಲ್ಲಿ ಇಂಗ್ಲಿಷರ ದೊಡ್ಡ ಲಡಾಯಿ ಶುರುವಾಗಿ, ಒಳ್ಳೆಯ ಕಟ್ಟಿಗೆಯೆಲ್ಲ ದಂಡಿಗೆ ಹೋಗುತ್ತಿತ್ತು. ಸಾಗವಾನಿ ಎಲ್ಲೂ ಸಿಗುತ್ತಿರಲಿಲ್ಲ. ಅಪ್ಪ ಗಾಡಿಯಲ್ಲಿ ತಂದದ್ದು ಹೊಸ್ತಿಲಿಗೊಂದು ಜಾಲಿಯ ತೊಲೆ, ಚೌಕಟ್ಟಿಗೆ ಬೇವು. ಉಳಿದದ್ದೆಲ್ಲ ಗುಲ್ಬರ್ಗಾ ಸ್ಟೇಷನ್ನಿನಲ್ಲಿ ಒಡೆದುಹಾಕಿದ ಸಾಮಾನಿನ ಪೆಟ್ಟಿಗೆಗಳ ಬೆಳ್ಳನೆಯ ಹಲಗೆ. ಕೆಲವುಗಳ ಮೇಲೆ ಕಪ್ಪು ಇಂಗ್ಲಿಷ್ ಅಕ್ಷರಗಳು ಇನ್ನೂ ಇದ್ದವು.

“ಅಕ್ಕಗ ಸಾಗವಾನಿ, ನನಗ ಪೆಟಗಿ ಹಲಗಿ ಏನಪ್ಪಾ?” ಎಂದೆ.

“ಇದಕ್ಕ ನಾವು ದೇವದಾರು ಅಂತೀವಿ ಬೇ. ಥಂಡಿ ಗುಡ್ಡದಾಗ ಬೆಳೀತದಂತ. ಎಲಿ ಸೂಜಿ ಇದ್ದಂಗ ಇರ್ತಾವಂತ, ಗಿಡಾ ನಾನೂ ನೋಡಿಲ್ಲ. ಮೆತ್ತಗದ, ಖರೆ. ಆದ್ರ ಹಗುರ ಅದ, ನೆಟ್ಟಗದ. ಅಟ್ಟಕ್ಕ ಭಾಳ ಚೊಲೋ.”

“ಬಾಗಲಕ್ಕ?”

“ಬಾಗಲಕ್ಕೂ ನಡೀತದ. ನೆಲಕ್ಕ ತಾಗಬಾರ್ದು ಅಷ್ಟ, ಗೆದ್ದಲ ಹತ್ತತದ. ಅದಕ್ಕ ಹೊಸ್ತಲಾ ಜಾಲೀದು ಹಾಕಾಕತ್ತೇನಿ.”

“ಸಾಗವಾನಿಗಿ ಗೆದ್ದಲ ಹತ್ತಂಗಿಲ್ಲಲ್ಲ?”

“ಹತ್ತಂಗಿಲ್ಲ. ಅದರ ಮೈಯಾಗ ಎಣ್ಣಿ ಇರ್ತದ.”

ಅಪ್ಪನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಅವತ್ತೊಂದು ದಿನ ಹೇಳಿದ್ದರೆ ಚೆನ್ನಾಗಿತ್ತು. ಬಾಗಿಲ ಹಲಗೆಯ ಮೇಲೆ ನವಿಲು ಕೆತ್ತಿಕೊಡು ಎಂದೆ. ಮೆತ್ತನೆಯ ಕಟ್ಟಿಗೆಯಲ್ಲಿ ಸಣ್ಣ ಕೆತ್ತನೆ ನಿಲ್ಲುವುದಿಲ್ಲ, ಅಂಚು ಉದುರುತ್ತದೆ ಎಂದು ತಲೆಯಾಡಿಸಿಬಿಟ್ಟ. ಬಾಗಿಲು ಬೇಗನೆ ಮುಗಿಯಿತು. ಬೇಗ ಮುಗಿದದ್ದಕ್ಕೂ ನನಗೆ ಸಿಟ್ಟೇ.

ಅಪ್ಪ ಅಟ್ಟದ ಹಲಗೆ ಬಡಿಯುತ್ತಿದ್ದಾಗ ಅಕ್ಕ ಹಸುಗೂಸನ್ನು ಎತ್ತಿಕೊಂಡು ನಮ್ಮ ಮನೆ ನೋಡಲು ಬಂದಳು. ಅವಳ ಕಣ್ಣಿಗೆ ಬೀಳದಿರಲೆಂದು ನಾನು ಬಾಗಿಲನ್ನು ಗೋಡೆಗೆ ಒತ್ತಿ ತೆರೆದಿಟ್ಟಿದ್ದೆ. ಅವಳು ನೇರವಾಗಿ ಅದರ ಹತ್ತಿರವೇ ಹೋಗಿ ಬೆರಳಿನಿಂದ ತಳ್ಳಿದಳು. ಸಪ್ಪಳವಿಲ್ಲದೆ ತಿರುಗಿತು.

“ಎಷ್ಟ ಹಗುರ ಅದ ಬೇ! ನಮ್ಮದು ಒಬ್ಬಾಕಿ ದಬ್ಬಿದ್ರ ಅಳ್ಳಾಡಂಗಿಲ್ಲ. ನಮ್ಮತ್ತಿ ಅಗಳಿ ಹಾಕಿದ್ಲಂದ್ರ ಮುಗೀತು, ನಾ ಒಳಗ.”

ನಗುತ್ತಲೇ ಹೇಳಿದಳು. ಮರುಕಪಡಬೇಕಾದ ಮಾತು. ನನ್ನ ಕಿವಿಗೆ ಬಿದ್ದದ್ದು ‘ನಮ್ಮದು’ ಎಂಬುದಷ್ಟೇ.

ಅಂಗಳದಲ್ಲಿ ಉಳಿದಿದ್ದ ಹಲಗೆಯನ್ನು ಅವಳು ಎತ್ತಿ ಮೂಸಿದಳು. ರಾಳದ ಘಮ ಅವಳಿಗೆ ಹಿಡಿಸಿಬಿಟ್ಟಿತು. “ಅಪ್ಪಾ, ಇದರಾಗ ನನ್ನ ಕೂಸಿಗಿ ತೊಟ್ಟಲಾ ಮಾಡಿಕೊಡು,” ಎಂದಳು. ಅಪ್ಪ ಅಟ್ಟದ ಕೆಲಸ ಅರ್ಧಕ್ಕೇ ಬಿಟ್ಟು ಕೆಳಗಿಳಿದ. ಮಗುವಿಗೆ ಸಿಬಿರು ಚುಚ್ಚಬಾರದೆಂದು ಪ್ರತಿ ಅಂಚನ್ನೂ ಉಜ್ಜಿ, ಅಂಗೈಯಾಡಿಸಿ, ಮತ್ತೆ ಉಜ್ಜಿದ. ಊಟಕ್ಕೆ ಕರೆದೆ. ಏಳಲಿಲ್ಲ.

ಅಕ್ಕನ ಗಾಡಿಯಲ್ಲಿ ತೊಟ್ಟಿಲು ಹೊರಟುಹೋಯಿತು. ಸಾಗವಾನಿಯೂ ಅವಳದೇ, ದೇವದಾರೂ ಅವಳದೇ ಆಯಿತು. ನನ್ನ ಮುಖ ನೋಡಿ ಅಪ್ಪ ಕೇಳಿದ, “ನಿನಗೇನರ ಮಾಡ್ಲೇನ ಬೇ?”

“ಏನೂ ಬ್ಯಾಡ,” ಎಂದೆ.

ಆದರೂ ಹೊಸ್ತಿಲಿನಿಂದ ಉಳಿದಿದ್ದ ಜಾಲಿಯ ತುಂಡನ್ನು ಎಳೆದುಕೊಂಡು ಕುಳಿತ. ಉಳಿಯ ಬಾಯಿ ಮತ್ತೆ ಮತ್ತೆ ಮೊಂಡಾಗುತ್ತಿತ್ತು. ಕಲ್ಲಿಗೆ ಮಸೆಯುತ್ತ, ಬೆವರೊರೆಸಿಕೊಳ್ಳುತ್ತ, ಆ ಕಟ್ಟಿಗೆಯನ್ನು ಬಾಯಿಗೆ ಬಂದಂತೆ ಬೈದ. ಕೊನೆಗೆ ನಾನು ರೊಟ್ಟಿ ಬಡಿಯುವಾಗ ಕೂರಲು ಒಂದು ಮಣೆ ಆಯಿತು. ಕೆಂಪಗೆ, ಕಲ್ಲಿನಂತೆ ಭಾರ. ಅದರ ಮೇಲೆ ಕುಳಿತು ಬಡಿದ ಬಿಸಿ ರೊಟ್ಟಿಯನ್ನು ಅಪ್ಪನಿಗೇ ಮೊದಲು ಹಾಕಿದೆ. ಇಂಥದ್ದು ಅಕ್ಕನ ಮನೆಯಲ್ಲಿಲ್ಲ ಎಂದು ಹೊಳೆದಾಗ ಜೀವಕ್ಕೆ ತಂಪೆನಿಸಿತು.

ಮುಂದಿನ ಸಲ ಅವಳು ಬಂದಾಗ, ಇದನ್ನೂ ಕೇಳಿಬಿಟ್ಟಾಳೆಂದು ಮಣೆಯನ್ನು ಹಿತ್ತಲ ಕೋಣೆಯಲ್ಲಿಟ್ಟು, ಮೇಲೊಂದು ಚೀಲ ಹೊದಿಸಿದ್ದೆ.