ಕಿವಿ ಮುಟ್ಟಿದ ಕೈ

ಜಯಮ್ಮನವರೇ, ನಿಮಗೆ ವಯಸ್ಸು ಮೀರಿರಲಿಲ್ಲ. ಮೀರಿದೆ ಎಂದು ನಾನು ಸುಳ್ಳು ಹೇಳಿದೆ. ಗೊತ್ತಿಲ್ಲದೆ ಹೇಳಿದ್ದಲ್ಲ — ಗೆಜೆಟ್ಟು ನನ್ನ ಮೇಜಿನ ಖಾನೆಯಲ್ಲೇ ಇತ್ತು. ಪರಿಶಿಷ್ಟ ಜಾತಿಯವರಿಗೆ ವಯಸ್ಸಿನ ರಿಯಾಯಿತಿ ಉಂಟು ಎಂಬ ಸಾಲನ್ನು ಆ ಬೆಳಿಗ್ಗೆಯೇ ಓದಿದ್ದೆ.

ಎಪ್ಪತ್ತರ ದಶಕದ ಮಾತು. ನಾನು ತಾಲ್ಲೂಕು ಕಚೇರಿಯ ಗುಮಾಸ್ತ, ನಿಮ್ಮಪ್ಪ ಚಿಕ್ಕಮಾದಯ್ಯ ಅದೇ ಕಚೇರಿಯ ಜವಾನ. ಆತಗೂರಿನಿಂದ ಸೈಕಲ್ಲು ತುಳಿದು ಬಂದು ನನ್ನ ಟೀ ಲೋಟ ತೊಳೆಯುತ್ತಿದ್ದರು. ಈಗ 'ಅಯ್ಯ' ಸೇರಿಸಿ ಬರೆಯುತ್ತಿದ್ದೇನೆ; ಆಗ 'ಲೇ ಮಾದ' ಎನ್ನುತ್ತಿದ್ದೆ — ನನಗಿಂತ ಇಪ್ಪತ್ತು ವರ್ಷ ದೊಡ್ಡವರನ್ನು. ಥೂ!

ಆ ದಿನ ನಿಮ್ಮನ್ನು ಕರೆತಂದು ನನ್ನ ಮುಂದೆ ನಿಲ್ಲಿಸಿದರು. ತಾಯಿ ಸತ್ತ ಮೇಲೆ ತಮ್ಮಂದಿರನ್ನು ಸಾಕಲು ಓದು ಬಿಟ್ಟು, ಮತ್ತೆ ಹಟ ಹಿಡಿದು ಮಂಡ್ಯಕ್ಕೆ ಬಸ್ಸಿನಲ್ಲಿ ಓಡಾಡಿ ಬಿ.ಎ. ಮುಗಿಸಿದ್ದಿರಿ.

"ಬಂಡೂರ್ಗೆ ಟೀಚರ್ ಕೆಲ್ಸದ ಆರ್ಡ್ರು ಬಂದದೆ ಸ್ವಾಮಿ. ಇವ್ಳು ನೋಡುದ್ರೆ ಅಮಲ್ದಾರ್ ಪರೀಕ್ಸೆ ಕಟ್ತೀನಿ ಅಂತಾಳೆ. ಕೈಗ್ ಬಂದಿದ್ದ ಬುಟ್ಟು ಓದ್ಕಂಡು ಕೂತ್ರೆ ನಮ್ಮಂತೋರ್ಗೆ ಆಯ್ತದಾ? ನೀವ್ ಏಳ್ದಂಗೆ ಮಾಡ್ತೀವಿ."

ತೂಗಿ ನೋಡಿ ಹೇಳಬೇಕಾಗಿತ್ತು — ಒಂದು ವರ್ಷ ಮನೆ ನಡೆಯುವುದು ಹೇಗೆ, ತಮ್ಮಂದಿರ ಗತಿಯೇನು, ಫೇಲಾದರೆ ಮುಂದೇನು. ಅಷ್ಟು ಯೋಚಿಸಿ ಬೇಡ ಎಂದಿದ್ದರೂ ಅದು ಸಲಹೆಯಾಗುತ್ತಿತ್ತು. ನಾನು ಯೋಚಿಸಿದ್ದೇ ಬೇರೆ. ಅದೇ ಪರೀಕ್ಷೆ ಎರಡು ಸಲ ಕಟ್ಟಿ, ಎರಡು ಸಲವೂ ಡುಮ್ಕಿ ಹೊಡೆದವನು ನಾನು. ನಾಳೆ ಮಾದನ ಮಗಳು ತಹಸೀಲ್ದಾರಳಾಗಿ ಒಳಗೆ ಕೂತು ಗಂಟೆ ಬಾರಿಸಿದರೆ ನಾನು ಫೈಲು ಹಿಡಿದು ಓಡಬೇಕಲ್ಲ — ಹೊಟ್ಟೆ ಉರಿದುಹೋಯಿತು.

ನಿಮ್ಮ ಎಸ್ಸೆಸ್ಸೆಲ್ಸಿ ಪುಸ್ತಕ ತೆರೆದು ಹುಟ್ಟಿದ ತಾರೀಖಿನ ಮೇಲೆ ಬೆರಳಿಟ್ಟೆ. "ವಯಸ್ಸು ಮೀರಿಹೋಗಿದೆ ಕಣಮ್ಮ."

"ನಮ್ಗೆ ರಿಯಾಯಿತಿ ಇರ್ತದಲ್ವಾ ಸಾರ್?" ಎಂದಿರಿ.

"ಈ ಸಲ ತೆಗೆದುಬಿಟ್ಟಿದ್ದಾರೆ. ಸುಮ್ನೆ ಕೆಲಸಕ್ಕೆ ಸೇರ್ಕೊ ಹೋಗು."

ನೀವು ಅಳಲಿಲ್ಲ. ಅತ್ತವರು ನಿಮ್ಮಪ್ಪ. "ನಂದೇ ತಪ್ಪು ಕಣವ್ವ. ನಿನ್ ಕೈ ಎಳ್ದು ಕಿವಿ ಮುಟ್ಸುದ್ನಲ್ಲ, ನಾನೇ ಪಾಪಿ."

ಆಗೆಲ್ಲ ಹಳ್ಳಿಯಲ್ಲಿ ಹುಟ್ಟಿದ ದಿನ ಯಾರು ಬರೆದಿಡುತ್ತಿದ್ದರು? ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿದ ಮಗುವಿಗೆ ಆರು ವರ್ಷ ಎಂದು ಮೇಷ್ಟರು ಬರೆದುಕೊಳ್ಳುತ್ತಿದ್ದರು. ನಿಮಗಿನ್ನೂ ನಾಲ್ಕೇ ವರ್ಷ, ಕೈ ಎಟುಕಲಿಲ್ಲ. ಮಗಳು ಓದಲಿ ಎಂಬ ಆಸೆಗೆ ನಿಮ್ಮಪ್ಪ ಹಿಂದಿನಿಂದ ಕೈ ಎಳೆದು ಮುಟ್ಟಿಸಿದ್ದರಂತೆ. ಹಾಗೆ ಹೆಚ್ಚಿಗೆ ಬಿದ್ದ ಆ ಎರಡು ವರ್ಷವೇ ಮಗಳ ದಾರಿಗೆ ಅಡ್ಡ ಬಂತು ಎಂದು ನಂಬಿಬಿಟ್ಟರು. ಖಾನೆ ಎಳೆದು ಗೆಜೆಟ್ಟು ತೋರಿಸಿದ್ದರೆ ಸಾಕಿತ್ತು. ನಾನು ಖಾನೆಗೆ ಬೀಗ ಹಾಕಿ ಅವರಿಗೆ ಟೀ ತರಲು ಹೇಳಿದೆ. ಕಣ್ಣೊರೆಸಿಕೊಂಡು ಹೋಗಿ ತಂದರು.

ಎಷ್ಟೋ ವರ್ಷಗಳ ಮೇಲೆ ಮದ್ದೂರಿನ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದರು. "ಆವತ್ತು ನೀವ್ ಏಳ್ದೆ ಇದ್ದಿದ್ರೆ ಇದ್ದ ಕೆಲ್ಸಾನೂ ಕಳ್ಕತಿದ್ವು ಸ್ವಾಮಿ" ಎಂದು ಕೈಮುಗಿದರು. ಆಗಲೂ ನಾನು ಬಾಯಿ ಬಿಡಲಿಲ್ಲ.

ಹೋದ ವಾರ ಅವರು ತೀರಿಕೊಂಡರೆಂದು ತಿಳಿಯಿತು. ಕೊನೆಯ ದಿನಗಳಲ್ಲೂ ನಿಮ್ಮ ಕೈ ಹಿಡಿದು ಆ ಕಿವಿಯ ಮಾತನ್ನೇ ಆಡುತ್ತಿದ್ದರಂತೆ.

ಬಡವರ ಮಕ್ಕಳಿಗೆ ದೊಡ್ಡ ಅಧಿಕಾರದ ಆಸೆ ಯಾಕೆ ಎಂದು ಬುದ್ಧಿ ಹೇಳುವವರನ್ನು ಕಂಡರೆ ಈಗ ಮೈ ಉರಿಯುತ್ತದೆ. ನಿನ್ನ ಖಾನೆಯಲ್ಲಿ ಏನಿದೆ ತೆಗೆಯಯ್ಯ ಮೊದಲು ಎಂದು ಕೇಳಬೇಕೆನಿಸುತ್ತದೆ. ಆದರೆ ಯಾವ ಮುಖ ಇಟ್ಟುಕೊಂಡು —

ಕ್ಷಮಿಸಿ ಎಂದು ಕೇಳುವುದಿಲ್ಲ. ನೀವು ಕ್ಷಮಿಸಲೂಬಾರದು. ಭಾನುವಾರದ ತಿಥಿಗೆ ಆತಗೂರಿಗೆ ಬರುತ್ತೇನೆ. ಒಳಗೆ ಕರೆಯಬೇಡಿ, ಟೀ ಕೊಡಬೇಡಿ. ನಿಮ್ಮ ತಮ್ಮಂದಿರ ಮುಂದೆ, ಊರಿನವರ ಮುಂದೆ, ಬೀದಿಯಲ್ಲೇ ನಿಂತು ಹೇಳಿ ಹೋಗುತ್ತೇನೆ: ಚಿಕ್ಕಮಾದಯ್ಯನವರು ಮಗಳ ಕೈ ಎಳೆದು ಮುಟ್ಟಿಸಿದ್ದರಲ್ಲಿ ಯಾವ ತಪ್ಪೂ ಇರಲಿಲ್ಲ. ತಪ್ಪು ನನ್ನದು.