ಪಾಟಿ ತೋರಿಸಿದರೆ ಬಳಪ

ಆಯಿಯ ಬಲಗೈ ಹೆಬ್ಬೆರಳು ಅರಿಶಿನ ಹಿಡಿದು ಹಳದಿಯಾಗಿತ್ತು, ಉಗುರು ನಡುವೆ ಸೀಳಿತ್ತು. ಮಲ್ಕಾಜ್‌ಗಿರಿ ಸ್ಟೇಷನ್ನಿನ ಹಿಂದಿನ ನಮ್ಮ ಗಲ್ಲಿಯಲ್ಲಿ ಆ ಹೆಬ್ಬೆರಳು ಕೆಳರೆಪ್ಪೆ ಎಳೆದು ನೋಡದ ಹೆಂಗಸೇ ಇರಲಿಲ್ಲ. ಅವರ ಅಂಗಡಿಗೆ ಉಪ್ಪು ಕೊಳ್ಳಲು ಹೋದರೂ ಸರಿ, ಬೆಂಕಿಪೊಟ್ಟಣಕ್ಕೆ ಹೋದರೂ ಸರಿ, "ಇಲ್ಲಿ ಬಾ, ಮ್ಯಾಲ ನೋಡು" ಅನ್ನುತ್ತಿದ್ದರು. ನಾವು ಅಂಗಡಿಯ ಸೂರಿಗೆ ನೇತುಹಾಕಿದ ಶಾಂಪೂ ಪಟ್ಟಿಗಳನ್ನು ನೋಡುತ್ತ ನಿಲ್ಲಬೇಕು. ರೆಪ್ಪೆಯ ಒಳಗೆ ಕೆಂಪಗಿದ್ದರೆ "ಹ್ಞೂಂ, ಹೋಗು." ರಕ್ತವಿಲ್ಲದೆ ಬಿಳಿಚಿಕೊಂಡಿದ್ದರೆ ಮುಗಿಯಿತು, ಅವತ್ತಿನಿಂದ ನೀವು ಆಯಿಯ ಸ್ವತ್ತು.

ರೆಪ್ಪೆ ಮುಟ್ಟುವ ಮುಂಚೆ ಪಕ್ಕದ ಬಕೆಟ್ಟಿನಲ್ಲಿ ಹೆಬ್ಬೆರಳನ್ನು ತಪ್ಪದೆ ತೊಳೆಯುತ್ತಿದ್ದರು. ಆ ಶಿಸ್ತಿಗೆ ಒಂದು ಕಾರಣವಿತ್ತು. ಹಿಂದೊಮ್ಮೆ ಖಾರದ ಪುಡಿ ತೂಗುತ್ತಿದ್ದ ಕೈಯಲ್ಲೇ ಮೂಲೆ ಮನೆಯ ಗಾರ್ಡ್ ಸಾಹೇಬರ ಹೆಂಡತಿಯ ರೆಪ್ಪೆ ಎಳೆದುಬಿಟ್ಟಿದ್ದರಂತೆ. ಆಕೆ ಕಿರುಚಿದ ರಭಸಕ್ಕೆ ಗಲ್ಲಿಯೇ ನೆರೆಯಿತು. ಆಯಿ ಮಾತ್ರ ಗಾಬರಿಯಾಗದೆ, "ನಿನಗ ರಕ್ತಕ್ಕೇನೂ ಕಮ್ಮಿ ಇಲ್ಲ ಬಿಡು, ಇಷ್ಟ್ ಕೆಂಪ್ ಕಣ್ಣು ನಾ ನೋಡೇ ಇಲ್ಲ" ಅಂದಿದ್ದರಂತೆ. ಇದನ್ನು ನನಗೆ ಹೇಳಿದವರು ಆಯಿಯೇ. ಹೇಳಿ, ನಕ್ಕು, ನಕ್ಕು, ಕೊನೆಗೆ ಸೆರಗಿನಿಂದ ತಮ್ಮ ಕಣ್ಣನ್ನೇ ಒರೆಸಿಕೊಂಡಿದ್ದರು.

ಅವರೇನೂ ಡಾಕ್ಟರಲ್ಲ, ಕಿರಾಣಿ ಅಂಗಡಿಯವರು. ರಾಯಚೂರು ಕಡೆಯಿಂದ ಮದುವೆಯಾಗಿ ಬಂದವರು. ಗಂಡ ರೈಲ್ವೆ ಹಳಿಯ ಮೇಲೆ ಗ್ಯಾಂಗ್‌ಮನ್ ಆಗಿದ್ದವರು ತೀರಿಕೊಂಡ ಮೇಲೆ ಮನೆಯ ಮುಂದಿನ ಕೋಣೆಯನ್ನೇ ಅಂಗಡಿ ಮಾಡಿದ್ದರು. ಗಿರಾಕಿ ತೆಲುಗಿನವರಾದರೆ ತೆಲುಗು, ಹಿಂದಿಯವರಾದರೆ ಹಿಂದಿ, ನನ್ನ ಜೊತೆ ಕನ್ನಡ. ನಾನು ತುಮಕೂರಿನವಳು, ಗಂಡನಿಗೆ ಸಿಕಂದರಾಬಾದಿನಲ್ಲಿ ರೈಲ್ವೆ ಟಿಕೆಟ್ ಕೌಂಟರಿನ ಕೆಲಸ. ನನ್ನ ಮಾತು ಕೇಳಿದ ಮೊದಲ ದಿನವೇ ಆಯಿ, "ನಿಂದು ರೇಡಿಯೋ ಕನ್ನಡ, ತಂಗಿ. ಒಂದು ಬಟನ್ ಒತ್ತಿದ್ರ ಬಂದ್ ಆಗ್ತದೇನು?" ಎಂದು ಕಾಲೆಳೆದರು. ಆಗಲೇ ಈ ಮುದುಕಿ ನನಗೆ ಇಷ್ಟವಾಗಿಬಿಟ್ಟರು.

ಇಷ್ಟವಾದವರ ಎದುರು ಸುಳ್ಳು ಹೇಳುವುದು ಕಷ್ಟ. ಆದರೂ ಹೇಳಿದೆ. ಯಾಕೆಂದರೆ ನಾನು ಬಳಪ ತಿನ್ನುತ್ತಿದ್ದೆ.

ಬರೆಯುವ ಬಳಪವನ್ನೇ. ಶುರುವಾಗಿದ್ದು ಹೇಗೋ ಗೊತ್ತಿಲ್ಲ. ಮದುವೆಯಾದ ಎರಡನೇ ವರ್ಷ ನೆನೆದ ಮಣ್ಣಿನ ವಾಸನೆ ಬಂದರೆ ಬಾಯಲ್ಲಿ ನೀರೂರತೊಡಗಿತು. ಆಮೇಲೆ ಯಾರದೋ ಮನೆಯ ಕಿಟಕಿಯಲ್ಲಿದ್ದ ಒಂದು ತುಂಡು ಬಳಪ ನಾಲಿಗೆಗೆ ತಾಗಿತು, ಅಲ್ಲಿಂದ ನಾನು ಮತ್ತೆ ಹಿಂದೆ ಬರಲಿಲ್ಲ. ದಿನಕ್ಕೆ ನಾಲ್ಕು, ಐದು. ಗಂಡ ಕೆಲಸಕ್ಕೆ ಹೋದ ಕೂಡಲೇ ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ಕಟಕಟ ಕಡಿಯುವುದು. ನಾನು ಬಿ.ಎಸ್ಸಿ. ಓದಿದವಳು, ದಯವಿಟ್ಟು ಗಮನಿಸಿ. ಸ್ಟೇಷನ್ನಿನ ಮೇಲ್ಸೇತುವೆ ಹತ್ತಲು ಎರಡು ಕಡೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದೆ. ಎರಡಕ್ಕೂ ಸಂಬಂಧವಿದೆ ಎಂದು ಈ ಪದವೀಧರೆಗೆ ಹೊಳೆಯಲೇ ಇಲ್ಲ.

ಆಯಿಯ ಅಂಗಡಿಯ ಬಳಪ ಬೂದು ಬಣ್ಣದ್ದು, ಮುರಿದರೆ ಮಣ್ಣಿನ ಘಮ. ಆದರೆ ಅದನ್ನು ಕೊಳ್ಳುವುದಕ್ಕೆ ಅಲ್ಲೊಂದು ವಿಚಿತ್ರ ಕಾನೂನಿತ್ತು. ಯಾರೇ ಕೇಳಲಿ, "ಪಾಟಿ ತೋರ್ಸು" ಅನ್ನುತ್ತಿದ್ದರು. ಪಾಟಿ ಎಂದರೆ ಅವರ ಕಡೆ ಸ್ಲೇಟು. ಮಕ್ಕಳು ಸ್ಲೇಟು ತಂದು ತೋರಿಸಿ ಬಳಪ ಒಯ್ಯಬೇಕು. ಗಲ್ಲಿಯ ದರ್ಜಿ ಬಟ್ಟೆಗೆ ಗುರುತು ಹಾಕಲು ಬಳಪ ಬೇಕೆಂದಾಗ ಕತ್ತರಿ ತೋರಿಸಿ ಒಯ್ದನಂತೆ. ಮೊದಮೊದಲು "ಮಗು ಮನೇಲಿದೆ ಆಯಿ, ನಾದಿನಿ ಮಗ ಊರಿಂದ ಬಂದಿದ್ದಾನೆ" ಎಂದು ದಬಾಯಿಸಿ ಒಂದೆರಡು ಸಲ ಪೊಟ್ಟಣಗಟ್ಟಲೆ ಗಿಟ್ಟಿಸಿದೆ. ಮೂರನೇ ಸಲ ಆಯಿ ಡಬ್ಬಿಯ ಮುಚ್ಚಳದ ಮೇಲೆ ಕೈಯಿಟ್ಟು ಕೂತುಬಿಟ್ಟರು.

ಆಗ ನಾನು ಮಾಡಿದ ಕೆಲಸ ನೆನೆದರೆ ಈಗಲೂ ನಾಚಿಕೆಯಾಗುತ್ತದೆ, ನಗುವೂ ಬರುತ್ತದೆ. ಬಸ್ಸು ಹತ್ತಿ ಅಬಿಡ್ಸ್‌ಗೆ ಹೋದೆ, ಪುಸ್ತಕದ ಅಂಗಡಿಗಳ ಸಾಲಿನಲ್ಲಿ ಹುಡುಕಿ ಒಂದು ಸ್ಲೇಟು ಕೊಂಡೆ. ಅಲ್ಲಿಯೂ ಬಳಪವಿತ್ತು, ಆದರೆ ಹಾಲುಬಿಳುಪಿನದು, ಮಣ್ಣಿನ ಘಮವೇ ಇಲ್ಲದ್ದು. ಅಷ್ಟರಮಟ್ಟಿಗೆ ನಾಲಿಗೆ ರುಚಿ ಕಂಡುಕೊಂಡಿತ್ತು! ಮನೆಗೆ ಬಂದು, ಉಳಿದಿದ್ದ ಕೊನೆಯ ತುಂಡಿನಲ್ಲಿ ಎಡಗೈಯಿಂದ ಅ ಆ ಇ ಈ ಎಂದು ಸೊಟ್ಟಸೊಟ್ಟಗೆ ಬರೆದೆ. ಬರೆದಾದ ಮೇಲೆ ಆ ತುಂಡನ್ನೂ ಬಾಯಿಗೆ ಹಾಕಿಕೊಂಡೆ. ಸ್ಲೇಟು ಹಿಡಿದು ಗೆದ್ದವಳ ಹಾಗೆ ಅಂಗಡಿಗೆ ಹೋದೆ.

ಆಯಿ ಕನ್ನಡಕ ಏರಿಸಿ ಅಕ್ಷರಗಳನ್ನು ನೋಡಿದರು. "ಹುಡುಗ ಜಾಣ ಅದಾನ, ಒಂದೂ ತಪ್ಪಿಲ್ಲ" ಅಂದರು. ಆಮೇಲೆ ಸ್ಲೇಟನ್ನು ಮೂಗಿನ ಹತ್ತಿರ ಒಯ್ದು ಮೂಸಿದರು.

"ಉಗುಳಿನ ವಾಸನೀನ ಇಲ್ಲಲ್ಲ ತಂಗಿ? ಹುಡುಗ್ರು ಪಾಟಿ ಉಗುಳು ಹಚ್ಚಿ ಒರಸ್ತಾವ. ಇದು ಇನ್ನಾ ಅಂಗಡಿ ವಾಸನಿ ಹೊಡ್ಯಾಕತ್ತೈತಿ."

"ಅವನು ಭಾರಿ ಶುಚಿ, ಆಯಿ. ಬಟ್ಟೆಯಿಂದ ಒರೆಸ್ತಾನೆ."

"ಹೌದಾ? ನೀ ಒಂದೀಟು ನಾಲಿಗಿ ತೋರ್ಸು."

ನಾನು ಬಾಯಿ ಬಿಗಿಹಿಡಿದೆ. ಬೂದು ಬಣ್ಣಕ್ಕೆ ತಿರುಗಿದ ನಾಲಿಗೆಯನ್ನು ತೋರಿಸುವುದು ಹೇಗೆ? ಆಯಿ ಬಕೆಟ್ಟಿನಲ್ಲಿ ಹೆಬ್ಬೆರಳು ತೊಳೆದರು. ಅಷ್ಟು ದಿನ ನೆಪ ಹೇಳಿ ತಪ್ಪಿಸಿಕೊಂಡಿದ್ದೆ, ಅವತ್ತು ರೆಪ್ಪೆ ಎಳೆದೇಬಿಟ್ಟರು. ಅವರ ನಗು ಅಲ್ಲಿಗೇ ನಿಂತಿತು.

"ಸುಣ್ಣ ಬಳದ ಗ್ವಾಡಿ ಆಗೈತಲ್ಲವಾ ನಿನ್ನ ಕಣ್ಣು. ಎಷ್ಟು ತಿಂಗಳು?"

ನಾನು ಬಸುರಿ ಎನ್ನುವುದು ಗಂಡನನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. "ಮೂರು" ಎಂದೆ. ಅಂದ ಕೂಡಲೇ ಅಳು ಬಂತು.

ಆಯಿ ನನ್ನನ್ನು ಅಕ್ಕಿ ಮೂಟೆಯ ಮೇಲೆ ಕೂರಿಸಿ ಹೇಳಿದ ಮಾತು ನಾನು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ. "ನಮ್ಮ ಲೋಕಲ್ ರೈಲು ನೋಡಿಲ್ಲೇನು? ಸೀಟು ಖಾಲಿ ಇದ್ರ ಟಿಕೆಟ್ ಇಲ್ದವನೂ ಬಂದು ಕುಂದರ್ತಾನ. ಮೈಯಾಗ ಕಬ್ಬಿಣದ ಸೀಟು ಖಾಲಿ ಬಿದ್ರ, ಸೀಸ ಬಂದು ಕುಂದರ್ತೈತಿ. ಈ ಮಣ್ಣು, ಈ ಬಳಪ, ಇದರಾಗ ಸೀಸ ಇರ್ತೈತೋ ಇಲ್ಲೋ ಯಾರಿಗಿ ಗೊತ್ತು? ಇದ್ರ ನಿನಗಿಂತ ಮೊದ್ಲ ನಿನ್ನ ಕೂಸಿಗಿ ಹೋಗಿ ಕುಂದರ್ತೈತಿ. ಎಬ್ಬಸೋದು ಭಾಳ ಕಷ್ಟ. ಅದಕ್ಕ ನಾವ ಮೊದ್ಲ ಸೀಟು ತುಂಬಬೇಕು." ಟಿಕೆಟ್ ಕೌಂಟರಿನವನ ಹೆಂಡತಿಗೆ ಇದಕ್ಕಿಂತ ಚೆನ್ನಾಗಿ ತಿಳಿಸಲು ಯಾರಿಗೆ ಸಾಧ್ಯ?

ಅವತ್ತೇ ಅಂಗಡಿಗೆ ಬೀಗ ಜಡಿದು ನನ್ನನ್ನು ಸರ್ಕಾರಿ ದವಾಖಾನೆಗೆ ಕರೆದುಕೊಂಡು ಹೋದರು. ರಕ್ತ ಪರೀಕ್ಷೆಯಾಯಿತು, ಕಬ್ಬಿಣದ ಮಾತ್ರೆ ಕೊಟ್ಟರು. ಆಯಿ ತಮ್ಮ ಕಡೆಯಿಂದ ಸಜ್ಜೆ ರೊಟ್ಟಿ, ಪುಂಡಿಸೊಪ್ಪಿನ ಪಲ್ಲೆ, ಹುರಿದ ಕಡಲೆ ಎಂದು ಕಟ್ಟಳೆ ಹಾಕಿದರು. ನಾನೂ ಬಳಪ ಬಿಟ್ಟೆ. ಬಿಟ್ಟೆ ಎಂದರೆ, ಪ್ರತಿದಿನ ಬಿಟ್ಟೆ. ನಾಲಿಗೆ ತುರಿಸಿದಾಗಲೆಲ್ಲ ಹುರಿಗಡಲೆ ಕಡಿದು ಕಡಿದು ಹಲ್ಲು ನೋಯಿಸಿಕೊಂಡೆ.

ಎರಡು ತಿಂಗಳಾದ ಮೇಲೆ ಮತ್ತೆ ಪರೀಕ್ಷೆ. ರಕ್ತ ಒಂದಿಷ್ಟೂ ಏರಿರಲಿಲ್ಲ. ಡಾಕ್ಟರಮ್ಮ ಮುಖ ಗಂಟಿಕ್ಕಿ, ಹೀಗೇ ಮುಂದುವರಿದರೆ ಹೆರಿಗೆ ಹೊತ್ತಿಗೆ ತೊಂದರೆಯಾದೀತು, ಮುಂದಿನ ತಿಂಗಳೂ ಏರದಿದ್ದರೆ ಆಸ್ಪತ್ರೆಗೆ ಸೇರಿಸಿಕೊಳ್ಳುತ್ತೇನೆ ಎಂದರು. ನಾನು ಹೆದರಿ ಅಂಗಡಿಗೆ ಬಂದರೆ ಆಯಿಯ ಮೊದಲ ಮಾತೇ, "ಖರೇ ಹೇಳು, ತಿನ್ನಾಕತ್ತಿ ಹೌದಿಲ್ಲೋ?"

ನನಗೆ ಸಿಟ್ಟು ನೆತ್ತಿಗೇರಿತು. "ಇಲ್ಲ ಅಂದ್ರೆ ಇಲ್ಲ! ತಿಂದ್ರೂ ನಿಮಗೇನು? ನಾನೇನು ನಿಮ್ಮ ಮಗಳಾ?" ಎಂದು ಕೂಗಾಡಿದೆ. ಅಂಗಡಿಯಲ್ಲಿದ್ದ ಇಬ್ಬರು ಗಿರಾಕಿಗಳು ಮೆಲ್ಲಗೆ ಜಾರಿಕೊಂಡರು.

ಆಯಿ ಸಿಟ್ಟಾಗಲಿಲ್ಲ. ಬಳಪದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಹೇಳಿದರು. ಕೆಲವು ವರ್ಷಗಳ ಹಿಂದೆ ಪಕ್ಕದ ಗಲ್ಲಿಯಲ್ಲಿ ಅಪಾರ್ಟ್‌ಮೆಂಟ್ ಕಟ್ಟುವಾಗ ಅವರ ಊರ ಕಡೆಯ ಒಬ್ಬ ಹುಡುಗಿ ಅಲ್ಲಿ ಕಲ್ಲು ಹೊರುತ್ತಿದ್ದಳು. ದಿನಾ ಸಂಜೆ ಬಂದು ಬಳಪ ಒಯ್ಯುತ್ತಿದ್ದಳು. "ಪಾಪ, ದುಡಿಯೋ ಹೆಣ್ಣು, ಮಕ್ಕಳನ್ನ ಓದಸಾಕತ್ತಾಳ ಅಂತ ನಾ ಒಂದು ಹೆಚ್ಚಿಗೀನೇ ಕೊಡ್ತಿದ್ದೆ. ಆಕಿ ಹಡದು ರಕ್ತ ಹೋಗಿ ಸತ್ತಳು. ಮಣ್ಣಿಗಿ ಹೋದಾಗ ಗೊತ್ತಾತು, ಆಕಿಗಿ ಮಕ್ಕಳೇ ಇರಲಿಲ್ಲ ತಂಗಿ. ಅದು ಚೊಚ್ಚಲು."

ಆ ಹುಡುಗಿ ಸತ್ತ ಮೇಲೆ ಆಯಿ ಹದಿನೈದು ದಿನ ದವಾಖಾನೆಯ ಸಿಸ್ಟರ ಬೆನ್ನು ಹತ್ತಿ, ಹೆಣ್ಣುಮಕ್ಕಳು ಮಣ್ಣು ಯಾಕೆ ತಿನ್ನುತ್ತಾರೆ, ರೆಪ್ಪೆ ನೋಡುವುದು ಹೇಗೆ, ಎಲ್ಲ ಕೇಳಿ ಕಲಿತಿದ್ದರು. ಪಾಟಿಯ ಕಾನೂನು ಹುಟ್ಟಿದ್ದು ಆಗ. ನಾವೆಲ್ಲ ಮುದುಕಿಯ ಹುಚ್ಚು ಎಂದು ನಗುತ್ತಿದ್ದ ಕಾನೂನು ಅದು.

"ಬಳಪ ಬಿಟ್ಟೀನಿ ಅಂತಿ, ನಂಬಿದೆ" ಎಂದರು ಆಯಿ. "ಗುಳಿಗಿ ನುಂಗೀನಿ ಅಂತಿ, ಅದನ್ನೂ ನಂಬಿದೆ. ಹೆಂಗ ನುಂಗ್ತಿ ಅಂತ ತೋರ್ಸು ನಡಿ."

ನನ್ನ ಮನೆಗೇ ಬಂದರು. ನಾನು ದಿನವೂ ಮಾಡುವಂತೆ ಮಾಡಿ ತೋರಿಸಿದೆ. ಮಾತ್ರೆ ನುಂಗಿದರೆ ವಾಕರಿಕೆ ಬರುತ್ತಿತ್ತಲ್ಲ, ಅದಕ್ಕೆ ಒಂದು ಉಪಾಯ ಕಂಡುಕೊಂಡಿದ್ದೆ. ಈ ಊರಿನ ಗಟ್ಟಿ ಚಹಾ ಮಾಡಿ, ಒಂದು ಉಸ್ಮಾನಿಯಾ ಬಿಸ್ಕತ್ತು ಅದ್ದಿ ತಿಂದು, ಮಾತ್ರೆ ಬಾಯಿಗೆ ಹಾಕಿಕೊಂಡು ಮೇಲೆ ಚಹಾ ಸುರಿದುಕೊಳ್ಳುವುದು. ಹೈದರಾಬಾದು ಈ ಸೊಸೆಗೆ ಕಲಿಸಿದ ವಿದ್ಯೆ. ಚಹಾದ ಲೋಟ ತುಟಿಗೆ ತಾಗುವಷ್ಟರಲ್ಲಿ ಆಯಿ ಹಣೆ ಬಡಿದುಕೊಂಡರು.

"ಅಯ್ಯ ನನ್ನವ್ವ! ಚಹಾದ ಜೋಡಿ ಗುಳಿಗಿ ನುಂಗಿದ್ರ ಕಬ್ಬಿಣ ಮೈಗಿ ಹತ್ತೋದ ಇಲ್ಲ. ರೈಲು ಹತ್ತಾಕ ಬಂದವನ್ನ ಫ್ಲಾಟ್‌ಫಾರಂನಾಗ ಹಿಡಿದು ನಿಲ್ಲಿಸಿದಂಗ. ಎರಡು ತಿಂಗಳದಿಂದ ನೀ ಗುಳಿಗೀನ ಮೋರಿಗಿ ಉಣಸಾಕತ್ತಿ!"

ಹೇಳುತ್ತ ಹೇಳುತ್ತ ಅವರಿಗೆ ನಗು ಬಂತು, ನನಗೂ ಬಂತು. ಇಬ್ಬರೂ ಅಡುಗೆಮನೆಯ ನೆಲದ ಮೇಲೆ ಕೂತು ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಆ ಚಹಾ ಹಾಗೇ ಆರಿಹೋಯಿತು.

ಮರುದಿನದಿಂದ ಹೊಸ ಕಾನೂನು. ಬೆಳಿಗ್ಗೆ ಹನ್ನೊಂದಕ್ಕೆ ಅಂಗಡಿಗೆ ಬಂದು ಅವರ ಕಣ್ಣೆದುರೇ ಮಾತ್ರೆ ನುಂಗಬೇಕು, ನಿಂಬೆಹಣ್ಣಿನ ಷರಬತ್ತಿನ ಜೊತೆ. ಅದಕ್ಕೆ ಹಿಂದೆಮುಂದೆ ಚಹಾದ ಹೆಸರೆತ್ತಬಾರದು. ಇನ್ನೂ ಎಷ್ಟು ಮಂದಿ ಹೀಗೆ ಮಾತ್ರೆಯನ್ನು ಮೋರಿಗೆ ಉಣಿಸುತ್ತಿದ್ದಾರೋ ಎಂಬ ಅನುಮಾನ ಬಂದು ಆಯಿ ಗಲ್ಲಿಯನ್ನೆಲ್ಲ ವಿಚಾರಿಸಿದರು. ನಾಲ್ವರು ಸಿಕ್ಕಿಬಿದ್ದರು. ಒಬ್ಬಾಕೆಯಂತೂ ಹಾಲಿನ ಜೊತೆ ನುಂಗುತ್ತಿದ್ದಳು. "ಹಾಲೂ ಬ್ಯಾಡ. ಸುಣ್ಣದ ಗುಳಿಗೀನೂ, ಅದ ಕ್ಯಾಲ್ಸಿಯಂ, ಇದರ ಜೋಡಿ ಬ್ಯಾಡ, ಅದು ರಾತ್ರಿ ಊಟ ಆದಮ್ಯಾಲ. ಇಬ್ಬರನ್ನೂ ಒಂದ ಬಾಗಲದಾಗ ನೂಕಬ್ಯಾಡ್ರಿ, ಜಗಳಾಡ್ತಾವ" ಎಂದು ಆಯಿ ತೆಲುಗಿನಲ್ಲಿ, ಹಿಂದಿಯಲ್ಲಿ, ಕನ್ನಡದಲ್ಲಿ ಮೂರು ಸಲ ಹೇಳಿದರು. ಹನ್ನೊಂದಾದರೆ ಐದು ಬಸುರಿಯರು ಅಂಗಡಿಯ ಬೆಂಚಿನ ಮೇಲೆ ಸಾಲಾಗಿ ಕೂತು ಷರಬತ್ತು ಕುಡಿಯುತ್ತಿದ್ದೆವು. ದಾರಿಯಲ್ಲಿ ಹೋಗುವ ಗಂಡಸರು ಇದೇನು ಸಭೆ ಎಂದು ನೋಡುತ್ತಿದ್ದರು. ಆಯಿ, "ನಿಮ್ಮ ಕಣ್ಣೂ ನೋಡಲೇನು?" ಎಂದರೆ ಕಾಲಿಗೆ ಬುದ್ಧಿ ಹೇಳುತ್ತಿದ್ದರು. ನನ್ನ ಜೀವನದಲ್ಲಿ ಅಷ್ಟು ಸುಖವಾದ ಹರಟೆ ಮತ್ತೆ ಸಿಕ್ಕಿಲ್ಲ.

ಮುಂದಿನ ತಿಂಗಳು ರಕ್ತ ಏರಿತ್ತು. ಅದರ ಮುಂದಿನ ತಿಂಗಳು ಇನ್ನೂ ಏರಿತು. ನಿಲ್ಲದೆ ಮೇಲ್ಸೇತುವೆ ಹತ್ತಿದ ದಿನ ಅಲ್ಲಿಂದಲೇ ಆಯಿಗೆ ಫೋನು ಮಾಡಿ ಕೂಗಿ ಹೇಳಿದೆ. ಸಮಯಕ್ಕೆ ಸರಿಯಾಗಿ ಮಗಳು ಹುಟ್ಟಿದಳು. ಅವಳನ್ನು ಮೊದಲ ಸಲ ಎತ್ತಿಕೊಂಡಾಗ ಆಯಿ ಮುಖ ನೋಡಲಿಲ್ಲ, ಹೆಬ್ಬೆರಳು ತೊಳೆದುಕೊಂಡು ರೆಪ್ಪೆ ನೋಡಿದರು.

ಮಗಳು ಎಲ್‌ಕೆಜಿಗೆ ಸೇರಿದ ವಾರ ಅಬಿಡ್ಸಿನ ಅದೇ ಸ್ಲೇಟನ್ನು ಅವಳ ಕೈಗೆ ಕೊಟ್ಟು ಅಂಗಡಿಗೆ ಕರೆದೊಯ್ದೆ. ಅಷ್ಟರಲ್ಲಿ ಅದರ ಒಂದು ಮೂಲೆ ಒಡೆದಿತ್ತು. ಆಯಿ ಮೂಸಿ ನೋಡಿ, ಮುಖ ಕಿವುಚಿ, "ಥೂ! ಇದು ಪಾಟಿ!" ಎಂದು ಡಬ್ಬಿಯ ಮುಚ್ಚಳ ತೆಗೆದರು. ಬಳಪವನ್ನು ಮಗಳ ಕೈಗೆ ಕೊಟ್ಟು, ನನ್ನನ್ನು ಓರೆಗಣ್ಣಿಂದ ನೋಡುತ್ತ ಅವಳಿಗೆ, "ನಿಮ್ಮವ್ವನ ಕೈಗೆ ಮಾತ್ರ ಕೊಡಬ್ಯಾಡ ಮಗಾ" ಅಂದರು.

ಹೋದ ವರ್ಷ ಚಳಿಗಾಲದಲ್ಲಿ ಆಯಿ ಹೋದರು. ವಯಸ್ಸಾಗಿತ್ತು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಬೆಂಚಿನ ಮೇಲೆ ಕೂತವರೆಲ್ಲ ಬಂದಿದ್ದೆವು, ಶಂಶಾಬಾದಿಗೆ ಮನೆ ಬದಲಿಸಿದಾಕೆಯೂ ಮಗನನ್ನು ಕಟ್ಟಿಕೊಂಡು ಬಂದಿದ್ದಳು. ಆ ಐವರ ಐದು ಮಕ್ಕಳು ಅಂಗಳದಲ್ಲಿ ಗಲಾಟೆ ಮಾಡಿಕೊಂಡು ಆಡುತ್ತಿದ್ದವು. ಯಾರೂ ಅವನ್ನು ಗದರಲಿಲ್ಲ. ನಾನು ಬಹಳ ಅತ್ತೆ. ನನ್ನ ಮಗಳು ನನಗೆ ಸಿಕ್ಕಿದ್ದು ಅವರಿಂದ ಎಂದು ಅವರಿಗೆ ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ.

ಅಂಗಡಿಯನ್ನು ಈಗ ಆಯಿಯ ಸೊಸೆ ನಡೆಸುತ್ತಾಳೆ. ಹೋದ ವಾರ ನಾನು ಬೇಳೆ ತರಲು ಹೋದಾಗ ಯಾರೋ ಹೊಸ ಮದುಮಗಳು ಬಂದಳು. ಕೊರಳಲ್ಲಿ ಅರಿಶಿನದ ದಾರ ಇನ್ನೂ ಹೊಸದು. ಎರಡು ಮೆಟ್ಟಿಲು ಹತ್ತಿದ್ದಕ್ಕೇ ಏದುಸಿರು. ಬಳಪ ಕೇಳಿದಳು. ಸೊಸೆ ಡಬ್ಬಿಗೆ ಕೈ ಹಾಕಿದಳು. "ಪಾಟಿ ತೋರ್ಸು" ಎಂದು ನನ್ನ ಬಾಯಿಂದ ಬಂದುಬಿಟ್ಟಿತು, ಆಯಿಯ ದನಿಯಲ್ಲೇ. ಹುಡುಗಿಗೆ ಕನ್ನಡ ಅರ್ಥವಾಗಲಿಲ್ಲ. ಸ್ಲೇಟು ಎಲ್ಲಿ ಎಂದು ತೆಲುಗಿನಲ್ಲಿ ಕೇಳಿದೆ. ಮಗು ಮನೆಯಲ್ಲಿದೆ, ನಾದಿನಿಯ ಮಗು, ಎಂದು ಅವಳು ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡೇ ಹೇಳಿದಳು.

ನಾನು ಅವಳ ಕೈ ಹಿಡಿದು ಬೆಂಚಿನ ಮೇಲೆ ಕೂರಿಸಿದೆ. ಸೂರಿನ ಶಾಂಪೂ ಪಟ್ಟಿಗಳನ್ನು ನೋಡು ಎಂದೆ. ಬಕೆಟ್ಟು ಅದೇ ಜಾಗದಲ್ಲಿತ್ತು. ಮೊದಲು ಹೆಬ್ಬೆರಳು ತೊಳೆದುಕೊಂಡೆ.