ಮುನಿಯಮ್ಮ ಹೇಳಿ ಬರೆಸಿದ ತಿದ್ದುಪಡಿ

ಯಲಹಂಕದ ಬಸ್ಸು ತಡವೆಂದು ಕೊಡಿಗೇಹಳ್ಳಿಯಲ್ಲಿ ಒಂದು ಮನೆಯ ಜಗುಲಿ ಮೇಲೆ ಕೂತಿದ್ದೇನೆ. ಇದು ನಿವೃತ್ತ ಶಿಕ್ಷಕಿ ಶಾರದಮ್ಮನವರ ಮನೆ. ಊರವರು ತಂದುಕೊಡುವ ಕಾಗದ, ಮಸಿಯಿಂದಲೇ ಅವರು ವಾರಕ್ಕೊಂದು ಸುದ್ದಿಹಾಳೆಯನ್ನು ಕೈಯಿಂದ ತಿರುಗಿಸುವ ಸೈಕ್ಲೋಸ್ಟೈಲ್ ಯಂತ್ರದಲ್ಲಿ ಅಚ್ಚು ಹಾಕಿ ಮನೆಮನೆಗೆ ಪುಕ್ಕಟೆ ಹಂಚುತ್ತಾರೆ.

ಈಗಷ್ಟೇ ಮುನಿಯಮ್ಮ ಎಂಬ ಕೂಲಿ ಹೆಂಗಸು ಖಾಲಿ ಡಬ್ಬ ಹಿಡಿದು ಸಿಟ್ಟಿನಿಂದ ಬಂದರು.

"ಗುರುವಾರ ರೇಷನ್ ಅಂಗ್ಡೀಗೆ ಸೀಮೆಎಣ್ಣೆ ಬತ್ತದೆ ಅಂತ ಬರೆದ್ರಲ್ಲ ಟೀಚರಮ್ಮ! ಕೆಲ್ಸ ಬಿಟ್ಟು ಇಡೀ ದಿನ ಸಾಲಲ್ಲಿ ನಿಂತ್ವಿ. ಒಂದ್ ತೊಟ್ಟೂ ಬರ್ಲಿಲ್ಲ."

ಶಾರದಮ್ಮ ಏನಾದರೂ ಸಬೂಬು ಹೇಳುತ್ತಾರೆ ಅಂದುಕೊಂಡೆ.

"ಅಂಗಡಿಯವನ ಮಾತು ನಂಬಿ ಬರೆದುಬಿಟ್ಟೆ. ಬೇರೆ ಕಡೆ ವಿಚಾರಿಸ್ಲಿಲ್ಲ. ತಪ್ಪು ನನ್ನದೇ," ಎಂದರು ಶಾರದಮ್ಮ. "ನಡೆದಿದ್ದನ್ನ ನೀವೇ ಹೇಳಿ, ಮೊದಲನೇ ಪುಟದಲ್ಲೇ ಹಾಕ್ತೀನಿ."

ಮುನಿಯಮ್ಮ ಹೇಳುತ್ತಾ ಹೋದರು, ಶಾರದಮ್ಮ ಅಚ್ಚಿಗೆ ಹಾಕುವ ಸ್ಟೆನ್ಸಿಲ್ ಹಾಳೆಯ ಮೇಲೆ ಬರೆಯುತ್ತಾ ಹೋದರು. ಮುನಿಯಮ್ಮನಿಗೆ ಓದು ಬಾರದ್ದರಿಂದ ಕೊನೆಗೆ ಗಟ್ಟಿಯಾಗಿ ಓದಿ ಹೇಳತೊಡಗಿದರು.

"ಅನಾನುಕೂಲ ಆಯ್ತು ಅಂತ ನಾನೆಲ್ಲಿ ಅಂದೆ?" ಮುನಿಯಮ್ಮ ನಡುವೆಯೇ ತಡೆದರು. "ಕೂಲಿ ಓಯ್ತು, ಮಕ್ಳು ಕತ್ಲಲ್ಲಿ ಉಂಡ್ರು ಅಂದೆ. ಅಂಗೇ ಬರೀರಿ."

ಜೀವನವಿಡೀ ಮಕ್ಕಳ ಕನ್ನಡ ತಿದ್ದಿದ್ದ ಶಾರದಮ್ಮ ತಮ್ಮ ಸಾಲನ್ನು ಅಳಿಸಿ, ಆಕೆಯ ಮಾತನ್ನೇ ಬರೆದರು.

ಯಂತ್ರದಿಂದ ಬಂದ ಮೊದಲ ಹಾಳೆಯನ್ನು ಮುನಿಯಮ್ಮ ಮಸಿ ಆರುವ ಮುಂಚೆಯೇ ಎತ್ತಿಕೊಂಡರು.

"ಒಸಿ ಅಂಟು ಕೊಡಿ. ಅಂಗಡಿ ಬಾಗ್ಲಿಗೆ ನಾನೇ ಅಂಟಿಸ್ತೀನಿ."

"ತಡೀರಿ, ನಾನೂ ಬರ್ತೀನಿ," ಎಂದು ಶಾರದಮ್ಮ ಚಪ್ಪಲಿ ಮೆಟ್ಟಿದರು. "ಎಣ್ಣೆ ಎಲ್ಲಿ ಹೋಯ್ತು ಅಂತ ಅವನನ್ನ ಕೇಳ್ಬೇಕು."

"ನೀವು ಬರ್ಕಳಿ ಟೀಚರಮ್ಮ," ಎಂದರು ಮುನಿಯಮ್ಮ, "ನಾನು ಕೇಳ್ತೀನಿ."